ಯಾವ ಸರಕು ಎಷ್ಟು ಮಾರೀತು? ಲೆಕ್ಕ ಹಾಕಿ ಮುಂದಾಗಿ ಹೇಳಿದ ಫ್ರಾಂಕ್ ಬಾಸ್

ದಸರೆ ಬಂತೆಂದರೆ ದೇವರಗುಡ್ಡದ ಕಾರಣಿಕ ನಿಮ್ಮ ವಾಟ್ಸ್‌ಆ್ಯಪ್‌ಗೆ ಬಂದೇ ಬರುತ್ತದೆ. ರಾಣೆಬೆನ್ನೂರು ತಾಲ್ಲೂಕಿನ ಮಾಲತೇಶ ಸ್ವಾಮಿಯ ಈ ಕ್ಷೇತ್ರದಲ್ಲಿ ಗೊರವಪ್ಪ ಬಿಲ್ಲನ್ನೇರಿ ಒಂದು ಸಾಲು ನುಡಿಯುತ್ತಾರೆ. ಮಳೆ, ಬೆಳೆ, ರಾಜಕೀಯ ಎಂದು ಜನ ಅದಕ್ಕೆ ಅರ್ಥ ಹಚ್ಚುತ್ತಾರೆ. ಅದು ನಂಬಿಕೆಯ ವಿಷಯ, ಅದರ ಗೊಡವೆಗೆ ನಾವು ಹೋಗುವುದಿಲ್ಲ. ನಮ್ಮ ತಕರಾರು ಇನ್ನೊಂದು ಬಗೆಯ ಫಾರ್ವರ್ಡ್ ಬಗ್ಗೆ. ಹೋದ ವರ್ಷ ಹತ್ತು ಸಾವಿರ ಮಾರಾಟ, ಈ ವರ್ಷ ನಲವತ್ತು ಸಾವಿರ, ಬರುವ ವರ್ಷ ಒಂದು ಲಕ್ಷ ಅರವತ್ತು ಸಾವಿರ, ಈಗಲೇ ಡೀಲರ್‌ಶಿಪ್ ಹಿಡಿಯಿರಿ ಎನ್ನುವಂಥದ್ದು. ಇದನ್ನು ನಂಬಿ ಸಾಲ ಎತ್ತುವ ಮುಂಚೆ ಒಬ್ಬ ಮೇಷ್ಟ್ರ ಕಥೆ ಕೇಳಿ.

ಫ್ರಾಂಕ್ ಬಾಸ್ ಹುಟ್ಟಿದ್ದು 1926ರ ಡಿಸೆಂಬರ್‌ನಲ್ಲಿ, ಅಮೆರಿಕದ ಟೆಕ್ಸಾಸ್‌ನ ಕ್ಯುಯೆರೊ ಎಂಬ ಸಣ್ಣ ಊರಿನಲ್ಲಿ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಪಿಎಚ್‌.ಡಿ. ಪಡೆದು ಮಾರ್ಕೆಟಿಂಗ್ ಕಲಿಸುವ ಕೆಲಸಕ್ಕೆ ಸೇರಿದರು. ಅದು ಆಗ ಗಣಿತಕ್ಕಿಂತ ಅನುಭವವನ್ನೇ ಹೆಚ್ಚು ನೆಚ್ಚಿದ್ದ ವಿಷಯ. 1960ರ ದಶಕದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿದ್ದಾಗ ಎವರೆಟ್ ರೋಜರ್ಸ್ ಅವರ ಪುಸ್ತಕ ಅವರ ಕೈಗೆ ಬಂತು. ಹೊಸ ವಸ್ತು, ಹೊಸ ಪದ್ಧತಿ ಜನರಲ್ಲಿ ಹೇಗೆ ಹರಡುತ್ತದೆ ಎಂಬುದು ಅದರ ವಿಷಯ. ಅಯೋವಾದ ರೈತರು ಹೈಬ್ರಿಡ್ ಮೆಕ್ಕೆಜೋಳ ಹಿಡಿದದ್ದು ಹೇಗೆಂಬ ಅಧ್ಯಯನ ಈ ವಿಷಯದ ಬುನಾದಿಗಳಲ್ಲೊಂದು. ಹಾವೇರಿ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮೊದಲು ಒಂದಿಬ್ಬರು ಬಿತ್ತುತ್ತಾರೆ, ಉಳಿದವರು ಬದುವಿನ ಮೇಲೆ ನಿಂತು ನೋಡುತ್ತಾರೆ.

ರೋಜರ್ಸ್ ಮಾತಿನಲ್ಲಿ ಹೇಳಿದ್ದನ್ನು ಬಾಸ್ ಸಮೀಕರಣ ಮಾಡಿದರು. ಕೊಳ್ಳುವುದಕ್ಕೆ ಎರಡು ಒತ್ತಡ. ಒಂದು, ತಾನಾಗಿಯೇ ಹುಟ್ಟುವ ಆಸೆ. ಇನ್ನೊಂದು, ಈಗಾಗಲೇ ಕೊಂಡವರನ್ನು ನೋಡಿ ಹುಟ್ಟುವ ಆಸೆ. ಹಲವು ಸರಕುಗಳ ಮೇಲೆ ನಡೆದ ಅಧ್ಯಯನಗಳಲ್ಲಿ ಮೊದಲನೆಯದರ ಸರಾಸರಿ ಬೆಲೆ ವರ್ಷಕ್ಕೆ 0.03, ಎರಡನೆಯದರದು 0.38 ಆಸುಪಾಸು ಬಂದಿದೆ.

ಇದನ್ನು ಒಂದು ಊರಿಗೆ ಹಾಕಿ ನೋಡೋಣ. ಹೊಸ ಯಂತ್ರವೊಂದನ್ನು ಎಂದಾದರೂ ಕೊಳ್ಳಬಲ್ಲ ಮನೆಗಳು 1000 ಎಂದಿಟ್ಟುಕೊಳ್ಳಿ. ಮೊದಲ ವರ್ಷ 30 ಮನೆಯವರು ಕೊಳ್ಳುತ್ತಾರೆ. ಮರುವರ್ಷ ಸುಮಾರು 40. ಅರ್ಧ ಊರಿಗೆ, ಅಂದರೆ 500 ಮನೆಗೆ ಬಂದಾಗ ವರ್ಷಕ್ಕೆ 110. ಆದರೆ 900 ಮನೆ ತುಂಬಿದ ಮೇಲೆ? ಆಸೆ ಹುಟ್ಟಿಸುವವರು ಬೇಕಾದಷ್ಟಿದ್ದಾರೆ, ಕೊಳ್ಳುವ ಮನೆ ಉಳಿದಿರುವುದು ನೂರೇ. ಮಾರಾಟ 37ಕ್ಕೆ ಬಂದು ನಿಲ್ಲುತ್ತದೆ! ಏರುತ್ತಿರುವ ಮಾರಾಟವೇ ಮುಂದಿನ ಇಳಿತವನ್ನು ತರುತ್ತದೆ. ಗ್ರಾಫ್ ಗೆರೆಯನ್ನು ನೇರ ಮೇಲಕ್ಕೆ ಎಳೆಯುವವರು ಎಡವುವುದು ಇಲ್ಲೇ.

1969ರಲ್ಲಿ ಮ್ಯಾನೇಜ್‌ಮೆಂಟ್ ಸೈನ್ಸ್ ಪತ್ರಿಕೆಯಲ್ಲಿ ಈ ಪ್ರಬಂಧ ಬಂತು. ಅದರ ಶೀರ್ಷಿಕೆಯಲ್ಲೇ ಅಚ್ಚಿನ ತಪ್ಪು: ಮಾಡೆಲ್ ಫಾರ್ ಎಂದಿರಬೇಕಾದಲ್ಲಿ ಫಾರ್ ಮಾಡೆಲ್ ಎಂದಾಗಿತ್ತು. ಫ್ರಿಜ್, ಕಪ್ಪು-ಬಿಳುಪು ಟಿವಿ, ಸ್ಟೀಮ್ ಇಸ್ತ್ರಿಪೆಟ್ಟಿಗೆ ಸೇರಿ 11 ಸರಕುಗಳ ಹಳೆಯ ಮಾರಾಟದ ಮೇಲೆ ಬಾಸ್ ಸೂತ್ರವನ್ನು ಒರೆಗೆ ಹಚ್ಚಿದ್ದರು. ಆಮೇಲೆ ಕಲರ್ ಟಿವಿಗೆ ಹಾಕಿ, 1968ರಲ್ಲಿ ಸುಮಾರು 67 ಲಕ್ಷ ಮಾರಾಟವಾಗಿ ಅದೇ ತುತ್ತತುದಿಯಾಗುತ್ತದೆ ಎಂದು ಅಂದಾಜಿಸಿದರು. ಟಿವಿ ಉದ್ಯಮದ ಆಸೆ ಅದಕ್ಕಿಂತ ಬಹಳ ದೊಡ್ಡದಿತ್ತು, ಪಿಕ್ಚರ್ ಟ್ಯೂಬ್ ಕಾರ್ಖಾನೆಗಳನ್ನೂ ಆ ಆಸೆಯ ಅಳತೆಗೇ ಹಿಗ್ಗಿಸಿಕೊಂಡಿದ್ದರು. ಆ ಅಳತೆಯ ಗಿರಾಕಿ ಬರಲಿಲ್ಲ.

1982ರಲ್ಲಿ ಬಾಸ್ ಡಲ್ಲಾಸ್‌ನ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಬಂದರು. ಅದೇ ವರ್ಷ ಅಟಾರಿ ಕಂಪನಿ ಇ.ಟಿ. ವಿಡಿಯೊ ಗೇಮ್‌ನ ಲಕ್ಷಾಂತರ ಕಾರ್ಟ್ರಿಜ್ ತಯಾರಿಸಿತು. ಗೇಮ್ ಯಂತ್ರ ಎಷ್ಟೋ ಮನೆಗಳಲ್ಲಿತ್ತು, ಆದರೂ ಸರಕು ರಾಶಿರಾಶಿ ಉಳಿಯಿತು. ಅದನ್ನು ಮರುಭೂಮಿಯಲ್ಲಿ ಹೂತರೆಂಬುದು ಕಟ್ಟುಕಥೆ ಎಂದೇ ಹಲವರು ತಿಳಿದಿದ್ದರು. 2014ರಲ್ಲಿ ಅಲಮಗೋರ್ಡೊದಲ್ಲಿ ಅಗೆದಾಗ ನಿಜವಾಗಿಯೂ ಸಿಕ್ಕವು!

ಹಾಗಾದರೆ ಯಂತ್ರಗಳ ಸಂಖ್ಯೆ ನೋಡಿ ಗೇಮ್ ಮಾರಾಟ ಹೇಳಲಾಗದೆ? ಒಂದು ಮಟ್ಟಿಗೆ ಹೇಳಬಹುದು. ನಿಂಟೆಂಡೊದ ವೀ ಯು ಯಂತ್ರ ಮಾರಾಟವಾದದ್ದು ಸುಮಾರು 1.35 ಕೋಟಿ, ಅದರಲ್ಲಿ ಮಾರಿಯೊ ಕಾರ್ಟ್ 8 ಸುಮಾರು 84 ಲಕ್ಷ. ಹೆಚ್ಚುಕಡಿಮೆ ಅದೇ ಗೇಮ್ ಸ್ವಿಚ್ ಯಂತ್ರಕ್ಕೆ ಬಂದಾಗ ಮಾರಾಟ 6 ಕೋಟಿ ದಾಟಿತು, ಯಂತ್ರಗಳು 15 ಕೋಟಿ ದಾಟಿದ್ದವು. ನೂರರಲ್ಲಿ 62 ಮಂದಿ ಕೊಂಡಿದ್ದ ಗೇಮನ್ನು ಇಲ್ಲಿ ಅರ್ಧದಷ್ಟು ಜನವೂ ಕೊಳ್ಳಲಿಲ್ಲ. ಮೊದಲು ಯಂತ್ರ ತಂದವರು ಗೇಮ್ ಹುಚ್ಚಿನವರು, ಆಮೇಲೆ ಬಂದವರು ಎಲ್ಲರೂ ಹಾಗಲ್ಲ ಎನ್ನುವುದು ನಮ್ಮ ಊಹೆ. ಬಾಸ್ ಸೂತ್ರ ಕೂಡ ಮೊದಲ ಸಲ ಕೊಳ್ಳುವವರನ್ನಷ್ಟೇ ಎಣಿಸುತ್ತದೆ, ಹಳತು ಕೊಟ್ಟು ಹೊಸತು ತರುವವರನ್ನಲ್ಲ.

1990ರ ದಶಕದಲ್ಲಿ ಡೈರೆಕ್‌ಟಿವಿ ಎಂಬ ಉಪಗ್ರಹ ಟಿವಿ ಸೇವೆ ಶುರುವಾಗುವ ಮೊದಲೇ ಬಾಸ್ ಮತ್ತು ಜೊತೆಗಾರರು ಚಂದಾದಾರರ ಲೆಕ್ಕ ಹಾಕಿಕೊಟ್ಟರು. ಹಳೆಯ ಮಾರಾಟ ಇರಲಿಲ್ಲ, ಕೇಬಲ್ ಟಿವಿಯಂಥ ಹೋಲುವ ಸರಕುಗಳಿಂದ ಅಂಕಿ ಎರವಲು ತಂದಿದ್ದರು. ಐದು ವರ್ಷದ ಅಂದಾಜು ನಿಜಕ್ಕೆ ಹತ್ತಿರವೇ ಬಂತು. 2004ರಲ್ಲಿ ಅದೇ ಪತ್ರಿಕೆ ತನ್ನ ಐವತ್ತು ವರ್ಷಗಳ ಅತಿ ಪ್ರಭಾವಿ ಹತ್ತು ಪ್ರಬಂಧಗಳಲ್ಲಿ ಬಾಸ್‌ರದನ್ನೂ ಆರಿಸಿ ಮರುಮುದ್ರಿಸಿತು. 2006ರ ಡಿಸೆಂಬರ್ 1ರಂದು, 80 ತುಂಬಲು ಕೆಲವೇ ವಾರ ಇರುವಾಗ ಬಾಸ್ ತೀರಿಕೊಂಡರು.

ಮುಂದಿನ ಸಲ ಡೀಲರ್‌ಶಿಪ್ ಫಾರ್ವರ್ಡ್ ಬಂದರೆ ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: ಇದನ್ನು ಕೊಳ್ಳಬಲ್ಲ ಮನೆಗಳು ಒಟ್ಟು ಎಷ್ಟು, ಈಗಾಗಲೇ ಕೊಂಡವು ಎಷ್ಟು?