ಹಡಗಿಗೆ ಉಸಿರು ತಂದ ಸ್ಟೀಫನ್ ಹೇಲ್ಸ್

ಕುಂದಾಪುರದಿಂದ ಬೈಂದೂರಿನ ಕಡೆಗೆ ಹೊರಟು ಮರವಂತೆಯನ್ನು ದಾಟಿದರೆ ನಾವುಂದ ಸಿಗುತ್ತದೆ. ಪಡುವಣಕ್ಕೆ ಅರಬ್ಬೀ ಸಮುದ್ರ. ಅದರ ಮೇಲಿನಿಂದ ಬೀಸಿ ಬರುವ ಗಾಳಿಗೆ ಅಲ್ಲಿ ಕೊರತೆಯೆಂಬುದಿಲ್ಲ. ಆದರೆ ಆ ಕಡಲಿಗೆ ಇಳಿಯುವ ದೋಣಿಗೆ ಹಲಗೆಯ ಮಾಡು ಹೊದಿಸಿ, ಅದರ ಕೆಳಗೆ ಒಂದು ಪುಟ್ಟ ಕೋಣೆಯನ್ನು ಮಾಡಿ, ಬಾಗಿಲನ್ನು ಮುಚ್ಚಿದರೆ ಆಗುವುದೇ ಬೇರೆ. ಹೊರಗೆ ಬೇಕಾದಷ್ಟು ಗಾಳಿಯಿದ್ದರೂ ಒಳಗಿನವನು ಬೆವರುತ್ತಾನೆ. ಒದ್ದೆ ಬಟ್ಟೆ ಆರುವುದಿಲ್ಲ, ಮರಕ್ಕೆ ಬೂಷ್ಟು ಹಿಡಿಯುತ್ತದೆ, ತಲೆ ಭಾರವಾಗುತ್ತದೆ. ಹಾಗಾದರೆ ಗೋಡೆಗೆ ಒಂದು ಕಿಟಕಿಯನ್ನು ಕೊರೆದರೆ ಸಾಕಲ್ಲವೆ ಎಂದು ತೋರಬಹುದು. ಮನೆಯ ಗೋಡೆಗೆ ಆ ಮಾತು ಸಲ್ಲುತ್ತದೆ. ನೀರಿನ ಮೇಲೆ ತೇಲುವ ಗೋಡೆಯಲ್ಲಿ ಗಾಳಿ ಬರುವ ದಾರಿಯೇ ಅಲೆಯೂ ಬರುವ ದಾರಿ. 1545ರಲ್ಲಿ ಇಂಗ್ಲೆಂಡಿನ ಮೇರಿ ರೋಸ್ ಎಂಬ ಯುದ್ಧನೌಕೆಯು ಒಂದು ಪಕ್ಕಕ್ಕೆ ವಾಲಿದಾಗ, ಫಿರಂಗಿಗಳಿಗಾಗಿ ತೆರೆದಿದ್ದ ಕಂಡಿಗಳಿಂದ ನೀರು ನುಗ್ಗಿ, ದಡದ ಸಮೀಪದಲ್ಲಿಯೇ ನೂರಾರು ಜನರೊಡನೆ ಮುಳುಗಿಹೋಯಿತು.

ತೆರೆದರೆ ನೀರಿನ ಭಯ; ಮುಚ್ಚಿದರೆ ಉಸಿರಿನ ಕಷ್ಟ. ಹಡಗು ಕಟ್ಟುವವರನ್ನು ಶತಮಾನಗಳ ಕಾಲ ಕಾಡಿದ ಈ ತೊಡಕನ್ನು ಬಿಡಿಸಲು ಮುಂದಾದವರಲ್ಲಿ ಸ್ಟೀಫನ್ ಹೇಲ್ಸನು ಪ್ರಮುಖನು. ಅವನು ನಾವಿಕನಲ್ಲ, ಹಡಗು ಕಟ್ಟುವ ಬಡಗಿಯೂ ಅಲ್ಲ. ಥೇಮ್ಸ್ ನದಿಯ ದಂಡೆಯ ಒಂದು ಸಣ್ಣ ಊರಿನ ಪಾದ್ರಿ.

ಹೇಲ್ಸನು 1677ರ ಸೆಪ್ಟೆಂಬರ್ 17ರಂದು ಇಂಗ್ಲೆಂಡಿನ ಕೆಂಟ್ ಪ್ರಾಂತದ ಬೀಕ್ಸ್‌ಬೋರ್ನ್ ಎಂಬ ಹಳ್ಳಿಯಲ್ಲಿ ಜನಿಸಿದನು. ಧರ್ಮಶಾಸ್ತ್ರವನ್ನು ಕಲಿತು ಪಾದ್ರಿಯಾಗಲೆಂದು 1696ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಅದು ನ್ಯೂಟನ್ನನ ಕೀರ್ತಿಯು ದಿಗಂತಕ್ಕೆ ಹರಡಿದ್ದ ಕಾಲ. ಪ್ರಕೃತಿಯ ವ್ಯಾಪಾರಗಳನ್ನು ಅಳತೆ ಮತ್ತು ತೂಕಗಳ ಮೂಲಕ ತಿಳಿಯಬಹುದು ಎಂಬ ಹೊಸ ನಂಬಿಕೆಯು ಅಲ್ಲಿನ ತರುಣರ ಮನಸ್ಸನ್ನು ತುಂಬಿತ್ತು. ಹೇಲ್ಸನು ತನ್ನ ಗೆಳೆಯ ವಿಲಿಯಂ ಸ್ಟ್ಯೂಕ್ಲಿಯೊಡನೆ ಹೊಲಗದ್ದೆಗಳಲ್ಲಿ ಅಲೆದು ಗಿಡಮೂಲಿಕೆಗಳನ್ನು ಸಂಗ್ರಹಿಸಿದನು. ಪ್ರಾಣಿಗಳ ದೇಹವನ್ನು ಸೀಳಿ ಒಳಗಿನ ರಚನೆಯನ್ನು ಪರೀಕ್ಷಿಸಿದನು. ಶ್ವಾಸಕೋಶದ ಕವಲುಗಳಲ್ಲಿ ಕರಗಿದ ಸೀಸವನ್ನು ಹೊಯ್ದು ಅದರ ಅಚ್ಚು ತೆಗೆಯುವ ಉಪಾಯವನ್ನೂ ಕಂಡುಕೊಂಡನು. ಉಸಿರಾಟದ ವಿಷಯದಲ್ಲಿ ಅವನಿಗೆ ಅಂದು ಹುಟ್ಟಿದ ಕುತೂಹಲವು ಬಾಳಿನ ಕೊನೆಯವರೆಗೂ ಆರಲಿಲ್ಲ.

1709ರಲ್ಲಿ ಹೇಲ್ಸನು ಲಂಡನ್ನಿನ ಸಮೀಪದ ಟೆಡಿಂಗ್ಟನ್ನಿಗೆ ಪಾದ್ರಿಯಾಗಿ ಬಂದನು. ಅಲ್ಲಿಂದ ಮುಂದೆ ಐವತ್ತು ವರ್ಷಗಳಿಗೂ ಮಿಕ್ಕಿ ಆ ಊರೇ ಅವನ ಕರ್ಮಭೂಮಿಯಾಯಿತು. 1720ರಲ್ಲಿ ಅವನ ಮದುವೆಯಾಯಿತು. ಆದರೆ ಮರುವರ್ಷವೇ ಪತ್ನಿಯು ತೀರಿಕೊಂಡಳು. ಅವನು ಮತ್ತೆ ಮದುವೆಯಾಗಲಿಲ್ಲ. ಮಕ್ಕಳಿಲ್ಲದ ಆ ಮನೆಯಲ್ಲಿ ತಕ್ಕಡಿ, ಗಾಜಿನ ನಳಿಗೆ, ಹೂಕುಂಡ ಇವುಗಳೇ ಸಂಗಾತಿಗಳಾದುವು.

ಗಿಡವು ಎಷ್ಟು ನೀರು ಕುಡಿಯುತ್ತದೆ? ಈ ಸರಳ ಪ್ರಶ್ನೆಗೆ ಉತ್ತರವನ್ನು ಹುಡುಕಲು ಅವನು ಮೂರೂವರೆ ಅಡಿ ಎತ್ತರದ ಒಂದು ಸೂರ್ಯಕಾಂತಿ ಗಿಡವನ್ನು ಕುಂಡದಲ್ಲಿರಿಸಿದನು. ಮಣ್ಣಿನಿಂದ ನೀರು ಆವಿಯಾಗದಂತೆ ಕುಂಡದ ಬಾಯಿಯನ್ನು ಸೀಸದ ತಗಡಿನಿಂದ ಮುಚ್ಚಿ, ಬೆಳಿಗ್ಗೆ ಮತ್ತು ಸಂಜೆ ತಪ್ಪದೆ ತೂಗಿದನು. ಹಗಲಿನ ಹನ್ನೆರಡು ಗಂಟೆಗಳಲ್ಲಿ ಆ ಗಿಡವು ಎಲೆಗಳ ಮೂಲಕ ಸರಾಸರಿ 20 ಔನ್ಸ್ ನೀರನ್ನು ಹೊರಬಿಡುತ್ತದೆಂದು ತಿಳಿದುಬಂದಿತು. ಇಂತಹ ಪ್ರಯೋಗಗಳನ್ನು ಒಳಗೊಂಡ ಅವನ ಗ್ರಂಥವು 1727ರಲ್ಲಿ ಪ್ರಕಟವಾಗಿ ಸಸ್ಯಶಾಸ್ತ್ರಕ್ಕೆ ಹೊಸ ಹಾದಿಯನ್ನು ತೋರಿತು. 1733ರಲ್ಲಿ ಹೊರಬಂದ ಇನ್ನೊಂದು ಗ್ರಂಥದಲ್ಲಿ ರಕ್ತದ ಒತ್ತಡದ ಅಳತೆಯನ್ನು ವಿವರಿಸಿದನು. ಒಂದು ಕುದುರೆಯ ಅಪಧಮನಿಗೆ ಉದ್ದನೆಯ ಗಾಜಿನ ನಳಿಗೆಯನ್ನು ಜೋಡಿಸಿದಾಗ ರಕ್ತವು ಎಂಟು ಅಡಿ ಮೂರು ಅಂಗುಲ ಎತ್ತರಕ್ಕೆ ಏರಿತು. ಜೀವಂತ ಪ್ರಾಣಿಯ ರಕ್ತದೊತ್ತಡವನ್ನು ಮೊದಲಿಗೆ ಅಳೆದವನು ಅವನೇ. ಪ್ರಾಣಿಗಳಿಗಾಗುತ್ತಿದ್ದ ಹಿಂಸೆಯನ್ನು ಕಂಡು ಮರುಗಿದವರು ಆ ಕಾಲದಲ್ಲಿಯೂ ಇದ್ದರು. ಅವನ ನೆರೆಯವನೂ ಸ್ನೇಹಿತನೂ ಆಗಿದ್ದ ಕವಿ ಅಲೆಗ್ಸಾಂಡರ್ ಪೋಪನು ಹೇಲ್ಸನನ್ನು ಗೌರವಿಸುತ್ತಿದ್ದರೂ ಈ ಪ್ರಯೋಗಗಳನ್ನು ಮೆಚ್ಚಲಿಲ್ಲ.

ಗಾಳಿಯ ವಿಷಯದಲ್ಲಿಯೂ ಹೇಲ್ಸನು ಅನೇಕ ಪ್ರಯೋಗಗಳನ್ನು ಮಾಡಿದ್ದನು. ಒಂದು ಚೀಲದಲ್ಲಿ ಗಾಳಿಯನ್ನು ತುಂಬಿ ಅದನ್ನೇ ಮರಳಿ ಮರಳಿ ಉಸಿರಾಡಿದರೆ ಸ್ವಲ್ಪ ಹೊತ್ತಿನಲ್ಲಿಯೇ ಉಸಿರು ಕಟ್ಟುತ್ತದೆ ಎಂಬುದನ್ನು ತನ್ನ ಮೇಲೆಯೇ ಪರೀಕ್ಷಿಸಿ ನೋಡಿದನು. ಆಮ್ಲಜನಕವೆಂಬ ಹೆಸರೂ ಅಂದು ಇರಲಿಲ್ಲ. ಒಮ್ಮೆ ಉಸಿರಾಡಿದ ಗಾಳಿಯು ಮೊದಲಿನಂತೆ ಉಳಿಯುವುದಿಲ್ಲ, ಅದನ್ನು ಹೊರಗೆ ಹಾಕಿ ಹೊಸದನ್ನು ತರಲೇಬೇಕು ಎಂಬುದು ಮಾತ್ರ ಅವನಿಗೆ ಸ್ಪಷ್ಟವಾಯಿತು. ಹಡಗಿನ ಒಡಲಿನಲ್ಲಿ ನೂರಾರು ಜನರು ಒತ್ತೊತ್ತಾಗಿ ಮಲಗುವುದೆಂದರೆ ಇಂತಹ ಒಂದು ದೊಡ್ಡ ಚೀಲದೊಳಗೆ ಬಾಳಿದಂತೆಯೇ ಅಲ್ಲವೆ?

ಆ ಕಾಲದ ನಾವಿಕನಿಗೆ ಶತ್ರುವಿನ ಗುಂಡಿಗಿಂತ ರೋಗದ ಭಯವೇ ಹೆಚ್ಚಾಗಿತ್ತು. 1740ರಲ್ಲಿ ಆನ್ಸನ್ ಎಂಬ ದಳಪತಿಯು ಆರು ಯುದ್ಧನೌಕೆಗಳೊಡನೆ ಭೂಪ್ರದಕ್ಷಿಣೆಗೆ ಹೊರಟನು. 1744ರಲ್ಲಿ ಅವನು ಮರಳಿದಾಗ ಪ್ರದಕ್ಷಿಣೆಯನ್ನು ಮುಗಿಸಿ ಬಂದುದು ಒಂದೇ ಒಂದು ನೌಕೆ. ಹೊರಟವರಲ್ಲಿ ಬಹುಪಾಲು ಜನ ಸ್ಕರ್ವಿ ಮೊದಲಾದ ರೋಗಗಳಿಗೆ ಬಲಿಯಾಗಿದ್ದರು. ಹಡಗಿನ ಕೆಳಗಿನ ಅಂತಸ್ತು ಸದಾ ಒದ್ದೆಯಾಗಿರುತ್ತಿತ್ತು. ತಳದಲ್ಲಿ ನಿಂತ ನೀರು ಕೊಳೆತು ನಾರುತ್ತಿತ್ತು. ಕಡಲು ಕೆರಳಿದಾಗ ಕಂಡಿಗಳನ್ನೆಲ್ಲ ಬಿಗಿಯಾಗಿ ಮುಚ್ಚಬೇಕಾಗಿತ್ತು. ಹಾಯಿಬಟ್ಟೆಯನ್ನು ಉದ್ದನೆಯ ಕೊಳವೆಯಂತೆ ಹೊಲಿದು ಮೇಲಿನಿಂದ ಇಳಿಬಿಟ್ಟು ಗಾಳಿಯನ್ನು ಒಳಗೆ ತರುವ ರೂಢಿಯಿದ್ದಿತು. ಆದರೆ ಗಾಳಿ ಬೀಸದಿದ್ದರೆ ಅದು ನಿರುಪಯೋಗಿ. ಬಿರುಗಾಳಿಯೆದ್ದರೆ ಅದನ್ನು ತೆಗೆದಿಡಬೇಕಾಗಿತ್ತು. ಹೆಚ್ಚು ಅಗತ್ಯವಾದಾಗಲೇ ಕೈಕೊಡುವ ಉಪಾಯವದು.

1741ರಲ್ಲಿ ಹೇಲ್ಸನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ತನ್ನ ಯಂತ್ರವೊಂದನ್ನು ವಿವರಿಸಿದನು. ಅದೇ ವೆಂಟಿಲೇಟರ್. ಅದರ ರಚನೆಯು ಕಮ್ಮಾರನ ತಿದಿಯನ್ನು ಹೋಲುತ್ತಿತ್ತು. ಮರದ ದೊಡ್ಡ ಪೆಟ್ಟಿಗೆ. ಅದರೊಳಗೆ ಒಂದು ಅಂಚಿಗೆ ಕೀಲು ಹಾಕಿದ ಅಗಲವಾದ ಹಲಗೆ. ಇಂತಹ ಎರಡು ಪೆಟ್ಟಿಗೆಗಳ ಹಲಗೆಗಳನ್ನು ಒಂದು ಸನ್ನೆಕೋಲಿಗೆ ಜೋಡಿಸಲಾಗಿತ್ತು. ಜನರು ಸನ್ನೆಕೋಲನ್ನು ಮೇಲಕ್ಕೂ ಕೆಳಕ್ಕೂ ಆಡಿಸಿದಾಗ ಒಂದು ಹಲಗೆ ಏರುತ್ತಿತ್ತು, ಇನ್ನೊಂದು ಇಳಿಯುತ್ತಿತ್ತು. ಒಂದೇ ದಿಕ್ಕಿಗೆ ತೆರೆದುಕೊಳ್ಳುವ ಕವಾಟಗಳ ಮೂಲಕ ಹಡಗಿನ ಒಡಲಿನ ಕೆಟ್ಟ ಗಾಳಿಯು ಪೆಟ್ಟಿಗೆಯೊಳಕ್ಕೆ ಎಳೆಯಲ್ಪಟ್ಟು, ಕೊಳವೆಯ ಮೂಲಕ ಹೊರಕ್ಕೆ ಹೋಗುತ್ತಿತ್ತು. ಹೊರಗಿನ ಹೊಸ ಗಾಳಿಯು ಅದರ ಎಡೆಯನ್ನು ತುಂಬುತ್ತಿತ್ತು. ಗಾಳಿ ಬೀಸಲಿ ಬೀಸದಿರಲಿ, ಕಂಡಿಗಳು ಮುಚ್ಚಿರಲಿ ತೆರೆದಿರಲಿ, ತೋಳಿನಲ್ಲಿ ಬಲವಿರುವವರೆಗೆ ಹಡಗು ಉಸಿರಾಡಬಲ್ಲುದಾಗಿತ್ತು. ಅದೇ ವರ್ಷ ಸ್ವೀಡನ್ನಿನ ಮಾರ್ಟನ್ ಟ್ರೀವಾಲ್ಡ್ ಎಂಬುವನೂ ಸ್ವತಂತ್ರವಾಗಿ ಇಂತಹದೇ ಯಂತ್ರವನ್ನು ರೂಪಿಸಿದನೆಂಬುದು ಗಮನಾರ್ಹ.

ಹೇಲ್ಸನು ತನ್ನ ಯಂತ್ರದ ಗುಟ್ಟನ್ನು ಬಚ್ಚಿಡಲಿಲ್ಲ. 1743ರಲ್ಲಿ ಅದರ ವಿವರಗಳನ್ನೆಲ್ಲ ಪುಸ್ತಕರೂಪದಲ್ಲಿ ಪ್ರಕಟಿಸಿ ಎಲ್ಲರ ಮುಂದಿಟ್ಟನು. ನೌಕಾಧಿಕಾರಿಗಳು ಮೊದಲಲ್ಲಿ ಅದನ್ನು ಸುಲಭವಾಗಿ ಒಪ್ಪಲಿಲ್ಲ. ಬೆಂಕಿಯ ಶಾಖದಿಂದ ಗಾಳಿಯನ್ನು ಎಳೆಯುವ ಸ್ಯಾಮ್ಯುಯೆಲ್ ಸಟ್ಟನ್ನನ ವಿಧಾನವು ಅದರೊಡನೆ ಸ್ಪರ್ಧಿಸುತ್ತಿತ್ತು. ಹೇಲ್ಸನು ಬೇಸರಿಸದೆ ಪತ್ರಗಳನ್ನು ಬರೆದನು, ಹಡಗಿನ ನಾಯಕರ ಅನುಭವಗಳನ್ನು ಸಂಗ್ರಹಿಸಿದನು. ಕಡೆಗೆ 1750ರ ದಶಕದಲ್ಲಿ ಅವನ ವೆಂಟಿಲೇಟರುಗಳು ಬ್ರಿಟಿಷ್ ನೌಕಾಪಡೆಯ ಹಡಗುಗಳನ್ನು ಸೇರಿದುವು. ಆಸ್ಪತ್ರೆಗಳಲ್ಲಿ ಮಾತ್ರವಲ್ಲದೆ, ಧಾನ್ಯವು ಮುಗ್ಗದಂತೆ ಕಾಪಾಡಲು ಕಣಜಗಳಲ್ಲಿಯೂ ಅವು ಬಳಕೆಗೆ ಬಂದುವು.

ಸೆರೆಮನೆಗಳ ಕಡೆಗೂ ಅವನ ದೃಷ್ಟಿ ಹರಿಯಿತು. 1750ರಲ್ಲಿ ಲಂಡನ್ನಿನ ನ್ಯೂಗೇಟ್ ಸೆರೆಮನೆಯಿಂದ ವಿಚಾರಣೆಗೆ ತಂದ ಕೈದಿಗಳಿಂದ ನ್ಯಾಯಾಲಯದಲ್ಲಿ ಜ್ವರವು ಹರಡಿ, ನಗರದ ಮೇಯರನೂ ನ್ಯಾಯಾಧೀಶರೂ ಸೇರಿದಂತೆ ಹಲವರು ಮಡಿದರು. ಕೈದಿಗಳು ಸಾಯುತ್ತಿದ್ದಾಗ ಸುಮ್ಮನಿದ್ದ ನಗರವು, ಸಾವು ನ್ಯಾಯಪೀಠವನ್ನು ಏರಿದಾಗ ಎಚ್ಚೆತ್ತಿತು. 1752ರಲ್ಲಿ ನ್ಯೂಗೇಟಿನ ಮಾಡಿನ ಮೇಲೆ ಗಾಳಿಯಂತ್ರವೊಂದನ್ನು ನಿಲ್ಲಿಸಿ, ಅದರ ಬಲದಿಂದ ಹೇಲ್ಸನ ವೆಂಟಿಲೇಟರುಗಳನ್ನು ನಡೆಸಲಾಯಿತು. ಅವುಗಳನ್ನು ಅಳವಡಿಸಲು ಹೋದ ಕೆಲಸಗಾರರಲ್ಲಿ ಕೆಲವರಿಗೆ ಅದೇ ಜ್ವರವು ತಗಲಿತು. ಇನ್ನೊಬ್ಬರಿಗೆ ಒಳ್ಳೆಯ ಗಾಳಿಯನ್ನು ತರಲು ಹೋದ ಆ ಬಡವರನ್ನು ಚರಿತ್ರೆಯು ಹೆಚ್ಚಾಗಿ ನೆನೆಯುವುದಿಲ್ಲ.

ಹೇಲ್ಸನ ಯಂತ್ರವು ಸೇರಿದ ಇನ್ನೊಂದು ಎಡೆಯನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಆಫ್ರಿಕದ ಜನರನ್ನು ಸೆರೆಹಿಡಿದು, ಸರಪಳಿಗಳಿಂದ ಬಿಗಿದು, ಹಡಗಿನ ಒಡಲಿನಲ್ಲಿ ತುಂಬಿ ಅಮೆರಿಕಕ್ಕೆ ಸಾಗಿಸಿ ಮಾರುವ ವ್ಯಾಪಾರವು ಆಗ ಭರದಿಂದ ನಡೆಯುತ್ತಿತ್ತು. ಹೆನ್ರಿ ಎಲ್ಲಿಸ್ ಎಂಬ ನಾಯಕನು ಅಂತಹ ಹಡಗಿನಲ್ಲಿ ವೆಂಟಿಲೇಟರನ್ನು ಬಳಸಿ, ಅದರಿಂದ ಸಾವುಗಳು ಕಡಿಮೆಯಾದುವೆಂದು ಹೇಲ್ಸನಿಗೆ ತಿಳಿಸಿದನು. ಹೇಲ್ಸನೇ ರೂಪಿಸಿಕೊಟ್ಟ ಸಾಧನದಿಂದ ಆಳವಾದ ಕಡಲಿನ ನೀರು ತಣ್ಣಗಿರುವುದನ್ನು ಅವನು 1751ರಲ್ಲಿ ಅಳೆದುದು ವಿಜ್ಞಾನಕ್ಕೆ ಲಾಭವಾಯಿತು. ಆದರೆ ಆ ಹಡಗಿನಲ್ಲಿ ಉಸಿರಾಡಿದವರು ಬದುಕಿ ತಲುಪಿದುದು ಮಾರಾಟದ ಕಟ್ಟೆಗೆ. ಯಂತ್ರವು ಅವರಿಗೆ ಗಾಳಿಯನ್ನು ಕೊಟ್ಟಿತು, ಬಿಡುಗಡೆಯನ್ನು ಕೊಡಲಿಲ್ಲ. ಅದನ್ನು ಯಾವ ಯಂತ್ರವೂ ಕೊಡಲಾರದು. ಬ್ರಿಟನ್ನು ಆ ವ್ಯಾಪಾರವನ್ನು ಕಾನೂನಿನಿಂದ ನಿಷೇಧಿಸಿದುದು 1807ರಲ್ಲಿ. ಸಾಧನವು ಎಷ್ಟೇ ಉಪಕಾರಿಯಾಗಿರಲಿ, ಅದನ್ನು ಹಿಡಿದ ಕೈಯ ಉದ್ದೇಶವು ಶುದ್ಧವಾಗಿರದಿದ್ದರೆ ಅನ್ಯಾಯವು ಅಳಿಯುವುದಿಲ್ಲ ಎಂಬ ಪಾಠವನ್ನು ಇದರಿಂದ ಕಲಿಯಬೇಕಾಗಿದೆ.

ಹೇಲ್ಸನ ತಿಳಿವಳಿಕೆಗೂ ಮಿತಿಯಿದ್ದಿತು. ಕೆಟ್ಟ ಗಾಳಿಯೇ ಇಂತಹ ರೋಗಗಳೆಲ್ಲಕ್ಕೂ ಮೂಲವೆಂದು ಅವನ ಕಾಲದವರು ನಂಬಿದ್ದರು, ಅವನೂ ನಂಬಿದ್ದನು. ಸೆರೆಮನೆಯ ಜ್ವರವನ್ನು ಹೇನುಗಳು ಹರಡುತ್ತವೆ ಎಂಬುದನ್ನು ಚಾರ್ಲ್ಸ್ ನಿಕೋಲ್ ಎಂಬ ವಿಜ್ಞಾನಿಯು ತೋರಿಸಿಕೊಟ್ಟುದು 1909ರಲ್ಲಿ. ಸ್ಕರ್ವಿಗೆ ಕಿತ್ತಳೆ, ನಿಂಬೆಗಳು ಮದ್ದೆಂಬುದನ್ನು ಜೇಮ್ಸ್ ಲಿಂಡನು 1747ರಲ್ಲಿಯೇ ಪರೀಕ್ಷಿಸಿದ್ದರೂ ನೌಕಾಪಡೆಯು ಅದನ್ನು ಪಾಲಿಸಲು ಸುಮಾರು ಅರ್ಧ ಶತಮಾನ ಹಿಡಿಯಿತು. ಹಾಗೆಂದು ಹೇಲ್ಸನ ಶ್ರಮವು ವ್ಯರ್ಥವಾಗಲಿಲ್ಲ. ತೇವ, ಕೊಳೆತ, ಉಸಿರುಗಟ್ಟುವಿಕೆಗಳಿಗೆ ಅವನ ಯಂತ್ರವು ನಿಜವಾದ ಪರಿಹಾರವಾಗಿತ್ತು. ಕ್ಷಯದಂತಹ ರೋಗಗಳು ಮುಚ್ಚಿದ ಕೋಣೆಯ ಗಾಳಿಯಲ್ಲಿ ಹರಡುತ್ತವೆಂಬುದು ಮುಂದೆ ತಿಳಿದುಬಂದಿತು. 2020ರಲ್ಲಿ ಕೋವಿಡ್ ವ್ಯಾಧಿಯು ಜಗತ್ತನ್ನು ಆವರಿಸಿದಾಗ ಕಿಟಕಿಗಳನ್ನು ತೆರೆದಿಡಿರೆಂದು ವೈದ್ಯರು ಎಲ್ಲೆಡೆಯೂ ಸಲಹೆಯಿತ್ತರು.

ಹೇಲ್ಸನು ಪಾದ್ರಿಯ ಕರ್ತವ್ಯವನ್ನೂ ಮರೆಯಲಿಲ್ಲ. ಬಡವರನ್ನು ಹಾಳುಮಾಡುತ್ತಿದ್ದ ಮದ್ಯದ ವಿರುದ್ಧ ಬರೆದನು. ತನ್ನ ಊರಿಗೆ ಒಳ್ಳೆಯ ನೀರನ್ನು ತರಿಸಿದನು. ರಾಯಲ್ ಸೊಸೈಟಿಯು 1739ರಲ್ಲಿ ಅವನಿಗೆ ಕಾಪ್ಲಿ ಪದಕವನ್ನಿತ್ತಿತು. 1753ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯು ಅವನನ್ನು ವಿದೇಶೀ ಸದಸ್ಯನನ್ನಾಗಿ ಆರಿಸಿಕೊಂಡಿತು. ರಾಜಮನೆತನದವರು ಅವನ ಮನೆಗೆ ಬಂದು ಪ್ರಯೋಗಗಳನ್ನು ನೋಡುತ್ತಿದ್ದರು. ಅವರು ವಿಂಡ್ಸರಿನಲ್ಲಿ ದೊಡ್ಡ ಪದವಿಯನ್ನು ಕೊಡಿಸಲು ಮುಂದಾದಾಗ, ಅವನು ತನ್ನ ಊರನ್ನೂ ಕೆಲಸವನ್ನೂ ಬಿಟ್ಟುಹೋಗಲು ಒಪ್ಪಲಿಲ್ಲ. 1761ರ ಜನವರಿ 4ರಂದು, ಎಂಬತ್ತಮೂರನೆಯ ವಯಸ್ಸಿನಲ್ಲಿ ಅವನು ನಿಧನನಾದನು. ಟೆಡಿಂಗ್ಟನ್ನಿನ ಚರ್ಚಿನಲ್ಲಿಯೇ ಅವನ ಸಮಾಧಿಯಿದೆ. ರಾಜಕುಮಾರಿ ಆಗಸ್ಟಾ ಅವನ ಸ್ಮಾರಕವನ್ನು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ನಿಲ್ಲಿಸಿದಳು.

ಹೇಲ್ಸನ ಮರದ ಪೆಟ್ಟಿಗೆಗಳು ಈಗ ಬಳಕೆಯಲ್ಲಿಲ್ಲ. ದೊಡ್ಡ ಹಡಗುಗಳಲ್ಲಿ ವಿದ್ಯುತ್ತಿನ ಬೀಸಣಿಗೆಗಳು ಆ ಕೆಲಸವನ್ನು ಮಾಡುತ್ತವೆ. ಸಣ್ಣ ಹಾಯಿದೋಣಿಗಳಲ್ಲಿ ಗಟ್ಟಿಯಾದ ಗಾಜು, ಲೋಹದ ಚೌಕಟ್ಟು, ರಬ್ಬರಿನ ಅಂಚು, ತಿರುಪುಗಳಿಂದ ಕೂಡಿದ ಕಿಟಕಿಗಳಿರುತ್ತವೆ. ಕಡಲು ಶಾಂತವಾಗಿದ್ದಾಗ ಅವುಗಳನ್ನು ತೆರೆಯಬಹುದು. ಅಲೆಯೆದ್ದಾಗ ಹನಿ ನೀರೂ ಸೇರದಂತೆ ಬಿಗಿಯಬಹುದು. ಆದರೆ ಅವುಗಳನ್ನು ಇರಿಸುವವನು ಹೇಲ್ಸನ ಕಾಲದ ನಿಯಮವನ್ನೇ ಪಾಲಿಸಬೇಕು. ಗಾಳಿ ಬರಲು ಒಂದು ದಾರಿಯಿದ್ದರೆ ಸಾಲದು, ಹೋಗಲೂ ಒಂದು ದಾರಿ ಬೇಕು. ಒಂದೇ ಕಿಟಕಿಯ ಕೋಣೆಯಲ್ಲಿ ಗಾಳಿಯು ಹೊಸ್ತಿಲಲ್ಲಿಯೇ ನಿಂತ ಅತಿಥಿಯಂತೆ ಒಳಬರಲು ಹಿಂಜರಿಯುತ್ತದೆ. ನಾವುಂದದ ಮನೆಯಾಗಲಿ, ಕಡಲಿನ ದೋಣಿಯಾಗಲಿ, ಶಾಲೆಯ ಕೊಠಡಿಯಾಗಲಿ ಈ ನಿಯಮಕ್ಕೆ ಹೊರತಲ್ಲ.

ಅನ್ನ, ನೀರುಗಳಿಲ್ಲದವನ ಸಂಕಟವು ಎಲ್ಲರ ಕಣ್ಣಿಗೂ ಬೀಳುತ್ತದೆ. ಗಾಳಿಯಿಲ್ಲದವನ ಸಂಕಟವು ಮುಚ್ಚಿದ ಬಾಗಿಲಿನ ಹಿಂದೆಯೇ ಉಳಿದುಬಿಡುತ್ತದೆ. ಹಡಗಿನ ತಳದ ನಾವಿಕನನ್ನೂ ಸೆರೆಮನೆಯ ಕೈದಿಯನ್ನೂ ನೆನೆದು, ಕಣ್ಣಿಗೆ ಕಾಣದ ಗಾಳಿಯನ್ನು ಅಳೆದು, ಅವರಿದ್ದಲ್ಲಿಗೆ ಅದನ್ನು ತಲುಪಿಸಲು ಬಾಳಿನ ಕೊನೆಯ ಇಪ್ಪತ್ತು ವರ್ಷಗಳನ್ನು ಸವೆಸಿದ ಸ್ಟೀಫನ್ ಹೇಲ್ಸನು ಮಾನವಕುಲದ ಕೃತಜ್ಞತೆಗೆ ಪಾತ್ರನಾಗಿದ್ದಾನೆ.