ಋತುಗಳ ಚಿತ್ರಕಾರ ಐಸಾಕ್ ಲೆವಿಟಾನ್

ನಮ್ಮ ಪ್ರಾಚೀನ ಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಋತುವರ್ಣನೆಗೆ ನಿಯತವಾದ ಸ್ಥಾನವಿದೆ. ಅಲ್ಲಿ ಋತುವು ಕಥೆಗೆ ಹಿನ್ನೆಲೆ. ನಾಯಕ ನಾಯಿಕೆಯರ ಭಾವಕ್ಕೆ ಉದ್ದೀಪನ. ಕಥೆಯನ್ನೂ ನಾಯಕನನ್ನೂ ಬದಿಗಿರಿಸಿ ಋತುವನ್ನೇ ವಸ್ತುವಾಗಿಸಿಕೊಂಡ ತೈಲವರ್ಣ ಚಿತ್ರಕಾರರಲ್ಲಿ ರಷ್ಯಾದ ಐಸಾಕ್ ಲೆವಿಟಾನ್ (1860-1900) ಅಗ್ರಗಣ್ಯನು. ತಮ್ಮ ನಾಡಿನ ವಸಂತವನ್ನೂ ಶರತ್ಕಾಲವನ್ನೂ ರಷ್ಯನ್ನರು ಕಾಣುವುದು ಬಹುಮಟ್ಟಿಗೆ ಇವನ ಕಣ್ಣುಗಳಿಂದ. ಆದರೆ ಆ ನಾಡು ಅವನನ್ನು ತನ್ನವನೆಂದು ಸುಲಭವಾಗಿ ಒಪ್ಪಿಕೊಳ್ಳಲಿಲ್ಲ.

ಇಂದಿನ ಲಿಥುವೇನಿಯಾಕ್ಕೆ ಸೇರಿದ ಕಿಬಾರ್ತಾಯ್ ಎಂಬಲ್ಲಿ, ಬಡ ಯಹೂದಿ ಕುಟುಂಬವೊಂದರಲ್ಲಿ ಲೆವಿಟಾನ್ ಜನಿಸಿದನು. ಕುಟುಂಬವು ಮಾಸ್ಕೋಗೆ ವಲಸೆ ಬಂದ ಮೇಲೆ ಅಲ್ಲಿನ ಕಲಾಶಾಲೆಯನ್ನು ಸೇರಿದನು. 1875ರಲ್ಲಿ ತಾಯಿ, 1877ರಲ್ಲಿ ತಂದೆ ತೀರಿಕೊಂಡರು. ಕಡುಬಡತನವನ್ನು ಕಂಡು ಶಾಲೆಯೇ ಶುಲ್ಕದ ವಿನಾಯಿತಿ ನೀಡಿತು. ಅವನ ಗುರು ಸವ್ರಾಸೊವ್ ಬಯಲಿನಲ್ಲಿ ನಿಂತು ಚಿತ್ರಿಸುವುದನ್ನು ಕಲಿಸಿದವನು. ಸಾಧಾರಣವಾದ ಹಳ್ಳಿಯ ಮೂಲೆಯೂ ಚಿತ್ರಕ್ಕೆ ಯೋಗ್ಯವೆಂದು ತೋರಿಸಿದವನು.

1879ರಲ್ಲಿ ಚಕ್ರವರ್ತಿಯ ಹತ್ಯೆಯ ಯತ್ನವೊಂದು ನಡೆಯಿತು. ಯತ್ನಿಸಿದವನು ಯಹೂದಿಯಲ್ಲದಿದ್ದರೂ ಯಹೂದಿಗಳನ್ನು ಮಾಸ್ಕೋದಿಂದ ಹೊರಹಾಕಲಾಯಿತು. ಹತ್ತೊಂಬತ್ತು ತುಂಬದ ಲೆವಿಟಾನ್ ಹೊರವಲಯದ ಸಾಲ್ತಿಕೋವ್ಕದಲ್ಲಿ ನೆಲೆಸಬೇಕಾಯಿತು. ಅದೇ ವರ್ಷ ಅವನು ರಚಿಸಿದ ‘ಶರತ್ಕಾಲದ ದಿನ: ಸೊಕೊಲ್ನಿಕಿ’ ಎಂಬ ಚಿತ್ರವನ್ನು 1880ರಲ್ಲಿ ಪ್ರಸಿದ್ಧ ಸಂಗ್ರಾಹಕ ತ್ರೆತ್ಯಾಕೊವ್ ಕೊಂಡನು. ಉದುರಿದ ಎಲೆಗಳ ದಾರಿಯಲ್ಲಿ ಕಪ್ಪು ಉಡುಪಿನ ಒಬ್ಬ ಹೆಂಗಸು ನಡೆದು ಬರುತ್ತಾಳೆ. ಆ ಆಕೃತಿಯನ್ನು ಬರೆದವನು ಸಹಪಾಠಿ ನಿಕೊಲಾಯ್ ಚೆಕೊವ್, ಕಥೆಗಾರ ಚೆಕೊವ್‌ನ ಅಣ್ಣ. ಮುಂದೆ ಲೆವಿಟಾನನ ಚಿತ್ರಗಳಲ್ಲಿ ಮನುಷ್ಯಾಕೃತಿ ಅಪರೂಪವಾಯಿತು.

1888ರಿಂದ ಮೂರು ಬೇಸಿಗೆಗಳನ್ನು ಅವನು ವೋಲ್ಗಾ ತೀರದ ಪ್ಲ್ಯೋಸ್‌ನಲ್ಲಿ ಕಳೆದನು. ಸ್ಥಳದಲ್ಲಿಯೇ ತೈಲವರ್ಣದ ಕಿರುಚಿತ್ರಗಳನ್ನು ಮಾಡಿಕೊಂಡು, ಬಳಿಕ ಕೊಠಡಿಯಲ್ಲಿ ದೊಡ್ಡ ಚಿತ್ರವನ್ನು ಕಟ್ಟುವುದು ಅವನ ಸಾಮಾನ್ಯ ಕ್ರಮ. ಕಂಡದ್ದನ್ನೆಲ್ಲ ತುಂಬುವುದಕ್ಕಿಂತ ಬೇಡವಾದುದನ್ನು ಕಳೆಯುವುದರಲ್ಲಿಯೇ ಅವನ ಪರಿಶ್ರಮ ಹೆಚ್ಚು.

1892ರಲ್ಲಿ ಅವನು ಮತ್ತೊಮ್ಮೆ ಮಾಸ್ಕೋ ಬಿಡಬೇಕಾಯಿತು. ಹೆಸರಾಂತ ಕಲಾವಿದನಾಗಿದ್ದರೂ ಹುಟ್ಟು ಬೆನ್ನು ಬಿಡಲಿಲ್ಲ. ಮಿತ್ರರ ಪ್ರಯತ್ನದಿಂದ ವರ್ಷದ ಕೊನೆಗೆ ಹಿಂದಿರುಗಿದನು. ಆ ವರ್ಷದ ಚಿತ್ರವೇ ‘ವ್ಲಾದಿಮಿರ್ಕಾ’: ಮೋಡ ಕವಿದ ಬಯಲು, ಅದನ್ನು ಸೀಳಿ ದಿಗಂತಕ್ಕೆ ಹೋಗುವ ಮಣ್ಣಿನ ಹಾದಿ. ಸಂಕೋಲೆ ತೊಟ್ಟ ಕೈದಿಗಳನ್ನು ಸೈಬೀರಿಯಾಕ್ಕೆ ನಡೆಸಿಕೊಂಡು ಹೋಗುತ್ತಿದ್ದ ಹಾದಿಯದು. ಚಿತ್ರದಲ್ಲಿ ಕೈದಿಗಳಿಲ್ಲ, ದೂರದಲ್ಲಿ ಒಂಟಿ ಯಾತ್ರಿಕಳಿದ್ದಾಳೆ, ಅಷ್ಟೆ. ಇದನ್ನು ಅವನ ಶ್ರೇಷ್ಠ ಕೃತಿಯೆಂದರೆ ಅತಿಶಯೋಕ್ತಿಯಾಗಲಾರದು.

ಅದೇ ವರ್ಷ ಚೆಕೊವ್‌ನ ಕಥೆಯೊಂದರ ಚಿತ್ರಕಾರನಲ್ಲಿ ತನ್ನನ್ನೇ ಕಂಡು ಲೆವಿಟಾನ್ ಮುನಿದನು. 1895ರ ಜನವರಿಯವರೆಗೆ ಸ್ನೇಹ ಕೂಡಿಬರಲಿಲ್ಲ. ಆ 1895 ವಿಚಿತ್ರವಾದ ವರ್ಷ. ವಿಷಾದರೋಗದಿಂದ ನರಳುತ್ತಿದ್ದ ಕಲಾವಿದನು ಬೇಸಿಗೆಯಲ್ಲಿ ಆತ್ಮಹತ್ಯೆಗೆ ಯತ್ನಿಸಿದನು. ‘ಮಾರ್ಚ್’, ‘ಹೊಂಬಣ್ಣದ ಶರತ್ಕಾಲ’ ಎಂಬ ಅತ್ಯಂತ ಪ್ರಸನ್ನ ಚಿತ್ರಗಳೆರಡೂ ಅದೇ ವರ್ಷದವು. ‘ಮಾರ್ಚ್’ನಲ್ಲಿ ಹಿಮ ಬಿಳಿಯಲ್ಲ: ಮರಗಳ ನೆರಳು ಬಿದ್ದೆಡೆ ನೀಲಿ, ಕರಗುತ್ತಿರುವ ದಾರಿಯಲ್ಲಿ ಕಂದು. ಹಳದಿ ಗೋಡೆಯ ಮನೆಯ ಮುಂದೆ ಜಾರುಬಂಡಿಗೆ ಕಟ್ಟಿದ ಕುದುರೆ ಯಾರಿಗೋ ಕಾಯುತ್ತಿದೆ. ಚಿತ್ರದ ಹರ್ಷದಿಂದ ಚಿತ್ರಕಾರನ ಬದುಕನ್ನು ಊಹಿಸಹೊರಡುವ ವಿಮರ್ಶೆಗೆ ಈ ವರ್ಷ ಒಂದು ಎಚ್ಚರಿಕೆ.

1898ರಿಂದ ತಾನು ಕಲಿತ ಶಾಲೆಯಲ್ಲಿಯೇ ನಿಸರ್ಗಚಿತ್ರವನ್ನು ಬೋಧಿಸಿದನು. ಹೃದ್ರೋಗವು ಆಗಲೇ ಬಲಿತಿತ್ತು. 1899-1900ರ ಚಳಿಗಾಲದಲ್ಲಿ ಯಾಲ್ಟಾದಲ್ಲಿದ್ದ ಚೆಕೊವ್‌ನನ್ನು ಕಾಣಲು ಹೋದಾಗ, ಉತ್ತರದ ಬಯಲುಗಳಿಗಾಗಿ ಹಂಬಲಿಸುತ್ತಿದ್ದ ಮಿತ್ರನಿಗೆ ರಟ್ಟಿನ ಮೇಲೆ ಬೆಳದಿಂಗಳ ಹುಲ್ಲುಬಣವೆಗಳನ್ನು ಬರೆದುಕೊಟ್ಟನು. ಅದನ್ನು ಅಗ್ಗಿಷ್ಟಿಕೆಯ ಮೇಲೆ ಅಳವಡಿಸಲಾಯಿತು.

1900ರ ಆಗಸ್ಟ್ 4ರಂದು, ನಲವತ್ತು ತುಂಬಲು ಕೆಲವೇ ವಾರಗಳಿರುವಾಗ, ಲೆವಿಟಾನ್ ಮಾಸ್ಕೋದಲ್ಲಿ ನಿಧನನಾದನು. ‘ಸರೋವರ’ವೆಂಬ ದೊಡ್ಡ ಚಿತ್ರ ಅಪೂರ್ಣವಾಗಿ ಉಳಿಯಿತು. ಯಹೂದಿಗಳ ಸ್ಮಶಾನದಲ್ಲಿದ್ದ ಅವನ ಅವಶೇಷಗಳನ್ನು 1941ರಲ್ಲಿ ನೊವೊದೆವಿಚಿ ಸ್ಮಶಾನಕ್ಕೆ ತಂದರು. ಚೆಕೊವ್‌ನ ಸಮಾಧಿ ಅಲ್ಲಿಯೇ, ಸಮೀಪದಲ್ಲಿದೆ.