ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್

ಬೆನ್ನಿ ಗುಡ್‌ಮನ್ 1909ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಹುಟ್ಟಿದ. ತಂದೆ ಬಡ ದರ್ಜಿ, ವಲಸೆ ಬಂದ ಯೆಹೂದಿ. ಮನೆಯಲ್ಲಿ 12 ಮಕ್ಕಳು. ಯೆಹೂದಿ ಮಂದಿರದಲ್ಲಿ ಹುಡುಗರಿಗೆ ವಾದ್ಯ ಹಂಚಿದಾಗ ದೊಡ್ಡ ವಾದ್ಯಗಳು ಅಣ್ಣಂದಿರಿಗೆ ಹೋಗಿ, ಚಿಕ್ಕವನಾದ ಇವನ ಪಾಲಿಗೆ ಕ್ಲಾರಿನೆಟ್ ಬಂದಿತು. ಫ್ರಾಂಜ್ ಷೆಪ್ ಎಂಬ ಕಟ್ಟುನಿಟ್ಟಿನ ಗುರು ಶಾಸ್ತ್ರೀಯ ಪಾಠ ಹೇಳಿಕೊಟ್ಟ. ಹೊಟ್ಟೆಪಾಡಿಗೆ ಒದಗಿದ್ದು ಮಾತ್ರ ಜಾಸ್ ಸಂಗೀತ.

1935ರ ಆಗಸ್ಟ್ 21ರಂದು ಲಾಸ್ ಏಂಜಲೀಸಿನ ಪಾಲೊಮಾರ್ ನೃತ್ಯಶಾಲೆಯಲ್ಲಿ ಆತನ ವಾದ್ಯವೃಂದವನ್ನು ಕೇಳಿ ತರುಣರು ಹುಚ್ಚೆದ್ದು ಕುಣಿದರು. ಸ್ವಿಂಗ್ ಎಂಬ ಆ ಕುಣಿತದ ಸಂಗೀತದ ಯುಗ ಅಂದೇ ಮೊದಲಾಯಿತೆಂದು ಹಲವರ ಎಣಿಕೆ. ಬಿಳಿಯರೂ ಕರಿಯರೂ ಒಂದೇ ವೇದಿಕೆಯಲ್ಲಿ ಕೂಡುವುದು ಅಪರೂಪವಾಗಿದ್ದ ಆ ಕಾಲದಲ್ಲಿ, ಕರಿಯ ಪಿಯಾನೋ ವಾದಕ ಟೆಡ್ಡಿ ವಿಲ್ಸನ್‌ನನ್ನು ತನ್ನೊಡನೆ ಕೂರಿಸಿಕೊಂಡ. ಜನಪ್ರಿಯತೆಗಿಂತ ಇದೇ ದೊಡ್ಡದೆಂದು ನನಗೆ ತೋರುತ್ತದೆ.

1938ರ ಜನವರಿ 16ರಂದು ನ್ಯೂಯಾರ್ಕಿನ ಕಾರ್ನೆಗಿ ಸಭಾಂಗಣದಲ್ಲಿ ಸ್ವಿಂಗ್ ನುಡಿಸಿದ. ಅದೇ ವರ್ಷ ಬುಡಾಪೆಸ್ಟ್ ತಂತಿವಾದ್ಯ ಚತುಷ್ಟಯದೊಡನೆ ಮೊಜಾರ್ಟನ ಕೃತಿಯನ್ನು ಧ್ವನಿಮುದ್ರಿಸಿದ. ಬಾರ್ಟೋಕನಿಂದ, ಆಮೇಲೆ ಕೋಪ್ಲೆಂಡನಿಂದ, ಹಣ ಕೊಟ್ಟು ಹೊಸ ಕೃತಿಗಳನ್ನು ಬರೆಸಿದ. ಆದರೂ ತನ್ನ ವಾದನ ತನಗೇ ಸಾಲದಾಯಿತು. 1949ರಲ್ಲಿ, 40ನೆಯ ವಯಸ್ಸಿನಲ್ಲಿ, ಇಂಗ್ಲೆಂಡಿನಿಂದ ಬಂದಿದ್ದ ರೆಜಿನಾಲ್ಡ್ ಕೆಲ್‌ನಿಗೆ ಶಿಷ್ಯನಾದ. ವಾದ್ಯದ ಮೇಲೆ ಹಲ್ಲೂರಿ ನುಡಿಸುತ್ತಿದ್ದವನು ಎರಡು ತುಟಿಗಳ ನಡುವೆ ಹಿಡಿಯುವುದನ್ನು ಕಲಿತ; ಬೆರಳುಗಳ ಚಾಲನೆಯನ್ನೂ ತಿದ್ದಿಕೊಂಡ. ಬಾಲ್ಯದಿಂದ ಬಂದ ರೂಢಿಯನ್ನು ಅಳಿಸಹೊರಟರೆ ಕೈಗೂಡಿದ್ದೂ ಹೋಗಬಹುದು. ಹಳೆಯ ಬಿಸುಪು ಆರಿತೆಂದು ಕೆಲವು ಜಾಸ್ ರಸಿಕರು ಗೊಣಗಿದರು. ಆತ ಸಾಧಕ ಬಿಡಲಿಲ್ಲ. 1950ರಲ್ಲಿ ಕೋಪ್ಲೆಂಡನ ಕೃತಿಯನ್ನು ರೇಡಿಯೋದಲ್ಲಿ ಮೊಟ್ಟಮೊದಲು ನುಡಿಸಿದವನು ಈತನೇ. 1986ರ ಜೂನ್ 13ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡ.